ಸೋಮವಾರದ ಕುರ್ಚಿ

ಜೂನ್ 3

ಅಕ್ಕನಿಗೆ ನಮಸ್ಕಾರಗಳು.

‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಶುರು ಮಾಡಿದರೆ ನೀವು ಕಾಗದವನ್ನು ಅಲ್ಲಿಗೇ ಮಡಿಚಿಡುತ್ತೀರಿ ಎಂದು ಗೊತ್ತು. ಆದ್ದರಿಂದ ಕ್ಷೇಮವನ್ನು ಕೊನೆಗಿಟ್ಟುಕೊಂಡು ಸುದ್ದಿಯಿಂದಲೇ ಶುರು ಮಾಡುತ್ತೇನೆ.

ಈ ಹೊಸ ಕೇಂದ್ರಕ್ಕೆ ಮೇಲ್ವಿಚಾರಕನಾಗಿ ಬಂದು ಎರಡು ತಿಂಗಳಾಯಿತು. ಬಾಗಿಲಿಗೆ ‘ಮೇಲ್ವಿಚಾರಕರು’ ಎಂದು ಬೋರ್ಡು ಹಾಕಿದ್ದಾರೆ. ಮೊದಲ ವಾರ ಆ ಬೋರ್ಡು ನೋಡಿ ನಾನೇ ‘ಸಾರ್ ಇದ್ದಾರಾ’ ಎಂದು ಬಾಗಿಲು ತಟ್ಟುವವನಿದ್ದೆ. ಹದಿನೆಂಟು ವರ್ಷ ಕಟಿಂಗ್ ಶಾಪಿನಲ್ಲಿ ನಿಂತವನು, ಅದರಲ್ಲಿ ಒಂಬತ್ತು ವರ್ಷ ಕುಡಿದೇ ನಿಂತವನು, ನಿಮ್ಮ ವಾರ್ಡಿನ ಏಳನೇ ಮಂಚದಿಂದ ಎದ್ದು ಬಂದವನು, ಈಗ ತನ್ನ ಹಾಗೇ ಬಿದ್ದು ಎದ್ದು, ಬಿದ್ದವರಿಗೆ ಆಸರೆಯಾಗುವ ಮೂರು ಜನ ಜೊತೆಗಾರರ ಮೇಲೆ ಕಣ್ಣಿಡಬೇಕಂತೆ.

ಮೂವರನ್ನೂ ಪರಿಚಯ ಮಾಡಿಕೊಡುತ್ತೇನೆ. ಲಾರಿ ಓಡಿಸುತ್ತಿದ್ದವನೊಬ್ಬ, ಕುಡಿತ ಬಿಟ್ಟು ನಾಲ್ಕು ವರ್ಷ. ಎಲ್ಲರೂ ಅವನನ್ನು ಲಾರಿ ಎಂದೇ ಕರೆಯುತ್ತಾರೆ. ಟೈಲರಮ್ಮ ನಿದ್ದೆ ಮಾತ್ರೆಗೆ ಅಂಟಿಕೊಂಡು ಐದು ವರ್ಷ ಕಳೆದುಕೊಂಡು, ಆಮೇಲೆ ಹೊಲಿಗೆ ಬಿಚ್ಚಿದ ಹಾಗೆ ನಿಧಾನವಾಗಿ ಅದನ್ನು ಬಿಚ್ಚಿಕೊಂಡು ಬಂದವರು. ಮೂರನೆಯವರು ವಾಚು ರಿಪೇರಿ ಮಾಡುತ್ತಿದ್ದವರು, ನನಗಿಂತ ದೊಡ್ಡವರು. ಒಂದು ತಿಂಗಳು ಮನಸ್ಸು ಆಕಾಶಕ್ಕೇರಿ, ಇನ್ನೊಂದು ತಿಂಗಳು ಹಾಸಿಗೆಗೆ ಬಿದ್ದು, ಎರಡು ಕಡೆಯೂ ನೋಡಿ ಬಂದ ಮನುಷ್ಯ. ಗಡಿಯಾರಪ್ಪ ಎನ್ನುತ್ತೇವೆ. ಕರೆದರೆ ಕೋಪವಿಲ್ಲ.

ಮೊನ್ನೆ ಒಬ್ಬರು ಬಂದು, “ಜೊತೆಗಾರ ಅಂದ್ರೆ ಡಾಕ್ಟರಾ?” ಎಂದು ಕೇಳಿದರು. ನಾನು ನೀವು ಕಲಿಸಿದ ವಿವರಣೆ ಹೇಳಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಟೈಲರಮ್ಮ, “ಅಲ್ಲಪ್ಪ, ನೀವು ಬಿದ್ದಿರೋ ಗುಂಡಿ ಅಳತೆ ಗೊತ್ತಿರೋರು” ಅಂದರು. ಆತ ಆ ಕ್ಷಣವೇ ಚಪ್ಪಲಿ ಬಿಟ್ಟು ಒಳಗೆ ಬಂದ.

ಈಗ ಮುಖ್ಯ ಸುದ್ದಿ. ವಾರಕ್ಕೊಮ್ಮೆ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಒಂದು ಗಂಟೆ ಮಾತಾಡು ಎಂದಿದ್ದಿರಲ್ಲ? ಮೊದಲ ವಾರ ಮೇಜಿನ ಆಚೆ ಅವರು, ಈಚೆ ನಾನು. “ಹೇಗಿದ್ದೀರಿ?” “ಚೆನ್ನಾಗಿದ್ದೀನಿ.” “ಕೆಲಸ?” “ಅದೂ ಚೆನ್ನಾಗಿದೆ.” ಐದು ನಿಮಿಷಕ್ಕೆ ಮಾತು ಮುಗಿಯಿತು. ಉಳಿದ ಐವತ್ತೈದು ನಿಮಿಷ ಇಬ್ಬರೂ ಫ್ಯಾನು ನೋಡಿದೆವು. ಮಾರನೇ ವಾರ ನಾನು ಮನೆಯಲ್ಲಿ ಬಿದ್ದಿದ್ದ ನನ್ನ ಹಳೇ ಅಂಗಡಿಯ ಕುರ್ಚಿ ತಂದು, ಕನ್ನಡಿ ಹಾಕಿ, ಕತ್ತರಿ ಹಿಡಿದು ನಿಂತೆ. ಅಷ್ಟೇ ಅಕ್ಕ! ಕುತ್ತಿಗೆಗೆ ಬಟ್ಟೆ ಕಟ್ಟಿದ ಕೂಡಲೇ ಲಾರಿ ತನ್ನ ಮೊದಲ ಆಕ್ಸಿಡೆಂಟಿನಿಂದ ಹಿಡಿದು ನಿನ್ನೆಯ ಜಗಳದವರೆಗೆ ಎಲ್ಲ ಒಪ್ಪಿಸಿದ. ಟೈಲರಮ್ಮ ಕೂದಲು ಮುಟ್ಟಗೊಡುವುದಿಲ್ಲ. ಸುಮ್ಮನೆ ಕೂತು ಕನ್ನಡಿಯ ಜೊತೆ ಮಾತಾಡುತ್ತಾರೆ. ಗಡಿಯಾರಪ್ಪ ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಹೇಳುತ್ತಾರೆ. ಈಗ ಸೋಮವಾರ ಬಂತೆಂದರೆ ಮೂವರೂ ತಾವಾಗಿಯೇ ಸರದಿ ನಿಲ್ಲುತ್ತಾರೆ.

ಆ ಕುರ್ಚಿಯಲ್ಲಿ ಯಾವುದೂ ಅಡಗುವುದಿಲ್ಲ ಅಕ್ಕ.

ನಿಮ್ಮ,
ಕತ್ತರಿ


ಜೂನ್ 12

ಪ್ರೀತಿಯ ಕತ್ತರಿಗೆ,

ನಿನ್ನ ಕುರ್ಚಿಯ ಕಥೆಯನ್ನು ಇಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅಡುಗೆಯವರಂತೂ, “ಅಕ್ಕಾ, ನಮಗೂ ಒಂದು ಹಾಕಿಸಿ” ಎಂದು ಬೆನ್ನು ಬಿದ್ದಿದ್ದಾರೆ. ನಲವತ್ತು ವರ್ಷ ನರ್ಸಾಗಿದ್ದು, ಈಗ ಹತ್ತು ವರ್ಷದಿಂದ ಜೊತೆಗಾರರನ್ನು ನೋಡಿಕೊಳ್ಳುತ್ತಿದ್ದೇನೆ. ನನಗೆ ಹೊಳೆಯದ್ದು ನಿನಗೆ ಹೊಳೆಯಿತು. ಭೇಷ್.

ಕಾಗದವೇ ಯಾಕೆ, ಫೋನಿನಲ್ಲಿ ಹೇಳಬಾರದೇ ಎಂದು ನಿನ್ನ ಹೆಂಡತಿ ಕೇಳಿದಳಂತೆ. ಹೀಗೆ ಹೇಳು: ಬೆಂಕಿ ಬಿದ್ದರೆ ಫೋನು, ಯೋಚನೆ ಮಾಡುವುದಿದ್ದರೆ ಕಾಗದ. ಫೋನಿನಲ್ಲಿ ನೀನು ನನ್ನ ದನಿ ನೋಡಿಕೊಂಡು ಮಾತು ತಿರುಗಿಸುತ್ತೀಯ. ಕಾಗದದಲ್ಲಿ ನಿನಗೆ ಆ ಸೌಕರ್ಯ ಇಲ್ಲ.

ಒಂದೇ ಒಂದು ಪ್ರಶ್ನೆ. ಅವರೆಲ್ಲ ಆ ಕುರ್ಚಿಯಲ್ಲಿ ಕೂರುತ್ತಾರೆ, ಸರಿ. ನೀನು ಎಲ್ಲಿ ಕೂರುತ್ತೀಯ?

ನನ್ನ ಮಂಡಿ ನೋವು ನನ್ನ ಜೊತೆಗೇ ಇದೆ, ಹಾಗಾಗಿ ಒಂಟಿ ಅನ್ನಿಸುವುದಿಲ್ಲ.

ಅಕ್ಕ


ಜುಲೈ 8

ಅಕ್ಕನಿಗೆ ನಮಸ್ಕಾರಗಳು.

ಮೊದಲು ಸಂತೋಷದ ಸುದ್ದಿ. ಎರಡು ಬೀದಿ ಆಚೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬರಿದ್ದಾರೆ, ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದವರು. ಹನ್ನೊಂದು ತಿಂಗಳಿಂದ ಮನೆಯಿಂದ ಹೊರಗೆ ಕಾಲಿಟ್ಟಿಲ್ಲ. ತಂಗಿ ಬಂದು ಊಟ ಕೊಟ್ಟು ಹೋಗುತ್ತಾಳೆ. ಗಡಿಯಾರಪ್ಪ ಪ್ರತಿ ಬುಧವಾರ ಹೋಗಿ ಅವರ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಒಂದು ಗಂಟೆ ಕೂತು ಬರುತ್ತಾರೆ. ಮೊದಲ ತಿಂಗಳು ಬಾಗಿಲು ಮುಚ್ಚೇ ಇತ್ತು. ಆಮೇಲೆ ಸರಪಳಿ ಬಿಟ್ಟಷ್ಟು ತೆರೆಯಿತು. ಜೂನ್ ಕೊನೆಗೆ ಸರಪಳಿಯನ್ನೇ ತೆಗೆದರಂತೆ. “ಅದ್ಹೇಗ್ರೀ ಮಾಡಿದ್ರಿ?” ಎಂದರೆ, “ಅಲಾರಾಂ ಗಡಿಯಾರ ಒಂದು ಕೆಟ್ಟಿತ್ತು, ರಿಪೇರಿ ಮಾಡ್ತಾ ಇದ್ದೀವಿ” ಎನ್ನುತ್ತಾರೆ. ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ.

ಈಗ ಇನ್ನೊಂದು ವಿಷಯ. ನೀವು ಮೆಚ್ಚುತ್ತೀರಿ ಅಂದುಕೊಂಡಿದ್ದೇನೆ.

ಮೂರು ಸೋಮವಾರಗಳಿಂದ ನೋಡುತ್ತಿದ್ದೇನೆ. ಗಡಿಯಾರಪ್ಪ ಕುರ್ಚಿಯಲ್ಲಿ ಕೂತಾಗ ಕೈಗಳನ್ನು ಬಟ್ಟೆಯೊಳಗೇ ಇಟ್ಟುಕೊಳ್ಳುತ್ತಾರೆ. ಚಹಾ ಕೊಟ್ಟರೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ, ಆದರೂ ತುಳುಕುತ್ತದೆ. ಬಾಯಲ್ಲಿ ಯಾವಾಗಲೂ ಏಲಕ್ಕಿ. ನಡುಗುವ ಕೈ, ಬಾಯಲ್ಲಿ ಏಲಕ್ಕಿ! ಒಂಬತ್ತು ವರ್ಷ ಏಲಕ್ಕಿ ಅಗಿದೇ ಗಿರಾಕಿಗಳ ಮುಂದೆ ನಿಂತವನಿಗೆ ಇದನ್ನು ಇನ್ನೊಬ್ಬರು ಹೇಳಿಕೊಡಬೇಕೇ? ಬಾಚುವ ನೆಪದಲ್ಲಿ ಬಗ್ಗಿ ಮೂಸಿ ನೋಡಿದೆ. ಬೇರೆ ವಾಸನೆ ಸಿಗಲಿಲ್ಲ. ಆದರೆ ಬುದ್ಧಿವಂತರು ಸಿಗಗೊಡುವುದಿಲ್ಲ.

ಅವಮಾನ ಮಾಡಬಾರದೆಂದು ನಾನೇನೂ ಕೇಳಲಿಲ್ಲ. ನಿನ್ನೆ ಬೆನ್ನು ತಟ್ಟಿ, “ದಣಿದಿದ್ದೀರಿ, ಸ್ವಲ್ಪ ದಿನ ರೆಸ್ಟ್ ತಗೊಳ್ಳಿ” ಎಂದೆ. ಲೈಬ್ರರಿಯವರ ಬುಧವಾರವನ್ನು ಲಾರಿಗೆ ವಹಿಸಿದ್ದೇನೆ. ದೊಡ್ಡ ಅನಾಹುತ ಆಗುವ ಮೊದಲೇ ತಡೆದೆ ಅನ್ನಿಸುತ್ತಿದೆ. ಸರಿ ಮಾಡಿದೆ ತಾನೆ?

ನಿಮ್ಮ,
ಕತ್ತರಿ


ಜುಲೈ 12

ಕತ್ತರಿಗೆ,

ಕಾಗದ ಕೈ ಸೇರಿದ ಕೂಡಲೇ ಬರೆಯುತ್ತಿದ್ದೇನೆ.

ಗಡಿಯಾರಪ್ಪನವರು ಜೀವನದಲ್ಲಿ ಎಂದಾದರೂ ಕುಡಿದದ್ದುಂಟೇ? ನಿನ್ನ ಮೊದಲ ಕಾಗದ ತೆಗೆದು ಇನ್ನೊಮ್ಮೆ ಓದಿದೆ. ಅದರಲ್ಲಿ ಹಾಗೆಂದು ಎಲ್ಲೂ ಇಲ್ಲ.

“ನಿಮ್ಮ ಕೈ ಯಾಕೆ ನಡುಗ್ತಾ ಇದೆ?” ಎಂದು ಕೇಳಿದೆಯಾ?

ಕೇಳಿಲ್ಲ ಎಂದೇ ಬರೆದಿದ್ದೀಯ. ಮತ್ತೆ ಮತ್ತೆ ಆ ಸಾಲನ್ನೇ ಓದುತ್ತಿದ್ದೇನೆ.

ಅಕ್ಕ


ಜುಲೈ 29

ಅಕ್ಕ,

ಎರಡು ವಾರ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ.

ನಿಮ್ಮ ಕಾಗದ ಬರುವ ಮೊದಲೇ ಕೆಲಸ ಕೆಟ್ಟಿತ್ತು. ಗಡಿಯಾರಪ್ಪನವರನ್ನು ಯಾಕೆ ಮನೆಗೆ ಕಳಿಸಿದಿರಿ ಎಂದು ಲಾರಿ ಕೇಳಿದ. ನಾನು ಜಂಬದಿಂದ, “ಆ ಕುರ್ಚೀಲಿ ಕೂತ್ರೆ ನನಗೆ ಎಲ್ಲ ಗೊತ್ತಾಗುತ್ತೆ ಕಣಯ್ಯ. ಕೈ, ಕಣ್ಣು, ಬಾಯಿ ವಾಸನೆ, ಎಲ್ಲ” ಎಂದುಬಿಟ್ಟೆ. ಅವನು, “ಹಾಗಾದ್ರೆ ಅದು ಕಟಿಂಗ್ ಅಲ್ಲ ಸಾರ್, ಚೆಕ್‌ಪೋಸ್ಟು” ಎಂದ. ಮುಂದಿನ ಸೋಮವಾರ ಯಾರೂ ಕೂರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಲಾರಿಯ ತಲೆ ಈಗ ಹಕ್ಕಿಗಳಿಗೆ ಬಾಡಿಗೆಗೆ ಕೊಡಬಹುದಾದ ಹಾಗಿದೆ.

ನಿನ್ನೆ ನನ್ನ ಮೇಜಿನ ಮೇಲೆ ಒಂದು ಚೀಟಿ ಇತ್ತು. ಅಕ್ಷರಗಳೆಲ್ಲ ಅಲೆ ಅಲೆಯಾಗಿದ್ದವು. ಇದ್ದದ್ದು ಇದ್ದ ಹಾಗೆ ಕೆಳಗೆ ಬರೆಯುತ್ತೇನೆ:

‘ಮೇಲ್ವಿಚಾರಕರಿಗೆ. ಮೇ ತಿಂಗಳಲ್ಲಿ ಡಾಕ್ಟರು ನನ್ನ ಮಾತ್ರೆ ಹೆಚ್ಚಿಸಿದರು. ಅದರಿಂದ ಕೈ ನಡುಗುತ್ತದೆ. ಬಾಯಿ ಕಬ್ಬಿಣ ನೆಕ್ಕಿದ ಹಾಗಿರುತ್ತದೆ, ಅದಕ್ಕೆ ಏಲಕ್ಕಿ. ನಾನು ಹೆಂಡದ ಅಂಗಡಿಯ ಮೆಟ್ಟಿಲು ಹತ್ತಿದವನಲ್ಲ. ಕಾಯಿಲೆ ತಿರುಗಿ ಬಂತು ಅಂದುಕೊಳ್ಳುತ್ತಾರೆಂಬ ಭಯಕ್ಕೆ ಹೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದೆ. ನಾನು ನಿಮ್ಮ ಮುಂದೆ ಕಣ್ಣು ಮುಚ್ಚಿ ಕೂತದ್ದು ನಂಬಿಕೆಯಿಂದ. ಇನ್ನು ಬರುವುದಿಲ್ಲ. ಇದರ ಜೊತೆ ಲೈಬ್ರರಿಯವರ ಅಲಾರಾಂ ಗಡಿಯಾರದ ಕೀಲಿ ಇದೆ. ಅದರ ತಿರುಪು ಸವೆದಿತ್ತು, ಸರಿ ಮಾಡಿದ್ದೇನೆ. ಅವರಿಗೆ ತಲುಪಿಸಿ.’

ಹೆಬ್ಬೆರಳ ಉಗುರಿನಷ್ಟು ಕೀಲಿ ಅಕ್ಕ. ನನ್ನ ಜೇಬಿನಲ್ಲಿ ಕಲ್ಲಿನ ಹಾಗೆ ಕೂತಿದೆ.

ಲೈಬ್ರರಿಯವರ ಬಾಗಿಲು ಮತ್ತೆ ಮುಚ್ಚಿದೆ. ಲಾರಿ ಪಾಪ, ಮೂರು ಬುಧವಾರ ಹೋಗಿ, “ಸಾರ್, ಬಾಗಿಲು ತೆಗೀರಿ ಸಾರ್, ಎರಡೇ ನಿಮಿಷ” ಎಂದು ಗೋದಾಮಿನ ಮುಂದೆ ನಿಂತವನ ಹಾಗೆ ಕೂಗಿ ಬಂದಿದ್ದಾನೆ. ಈಗ ಅವರು ತಂಗಿ ಬಂದರೂ ಊಟವನ್ನು ಹೊಸ್ತಿಲ ಹೊರಗೇ ಇಟ್ಟು ಹೋಗು ಎನ್ನುತ್ತಾರಂತೆ. ತಂಗಿ ಕೇಂದ್ರಕ್ಕೆ ಬಂದು, “ಆ ವಾಚಿನವರು ಎಲ್ಲಿ ಹೋದರು?” ಎಂದು ಕೇಳಿದಳು.

ಅವಳು ಹೋದ ಮೇಲೆ ಟೈಲರಮ್ಮ ಹೊಲಿಗೆ ಕೆಳಗಿಟ್ಟು, “ನೋಡೀಪ್ಪ, ನೀವು ಅಳತೆ ತಗೊಂಡಿದ್ದು ನಿಮ್ಮ ಮೈದು, ಬಟ್ಟೆ ಕತ್ತರಿಸಿದ್ದು ಅವರದು” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ನಾನು ಈ ಕೆಲಸಕ್ಕೆ ಆಗುವವನಲ್ಲ. ಆ ಬೋರ್ಡು ಬಿಚ್ಚಿ ಬೇರೆಯವರಿಗೆ ಹಾಕಿಸಿ. ನಾನು ಮತ್ತೆ ಬರೀ ಜೊತೆಗಾರನಾಗಿ ಇರುತ್ತೇನೆ.

ಕತ್ತರಿ


ಆಗಸ್ಟ್ 2

ಪ್ರೀತಿಯ ಕತ್ತರಿಗೆ,

ಬೋರ್ಡು ಅಲ್ಲೇ ಇರಲಿ. ಮೊಳೆ ಹೊಡೆದವರಿಗೆ ಕೆಲಸ ಕೊಡಬೇಡ.

ಈ ತಪ್ಪು ನಿನ್ನೊಬ್ಬನದಲ್ಲ. ‘ಆ ಕುರ್ಚಿಯಲ್ಲಿ ಯಾವುದೂ ಅಡಗುವುದಿಲ್ಲ’ ಎಂದು ನೀನು ಬರೆದಾಗಲೇ ನಾನು ತಡೆದು, “ಅಡಗಬಾರದು ಅಂತ ಯಾರು ಹೇಳಿದರು?” ಎಂದು ಕೇಳಬೇಕಿತ್ತು. ಕೇಳುವ ಬದಲು ಭೇಷ್ ಎಂದೆ. ಯಾಕೆ ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಉತ್ತರ ಗೊತ್ತಿತ್ತು, ಬರೆಯಲು ಪೆನ್ನು ಒಪ್ಪುತ್ತಿರಲಿಲ್ಲ.

ನೀನು ನನ್ನ ಕೈಕೆಳಗೆ ಜೊತೆಗಾರನಾಗಿ ಸೇರಿದಾಗ, ಎರಡು ವರ್ಷ, ಪ್ರತಿ ಭಾನುವಾರ ನಿನ್ನ ಹೆಂಡತಿಗೆ ಫೋನು ಮಾಡುತ್ತಿದ್ದೆ. “ನೆಟ್ಟಗಿದ್ದಾನಾ? ಮನೆಗೆ ಹೊತ್ತಿಗೆ ಬರ್ತಾನಾ? ಬಾಯಲ್ಲಿ ಏನಾದ್ರೂ ಅಗೀತಾನಾ?” ಎಂದೆಲ್ಲ ಕೇಳುತ್ತಿದ್ದೆ. ಸೋಮವಾರ ಬೆಳಿಗ್ಗೆ ನೀನು ಎದುರು ಬಂದು ಕೂತಾಗ ಏನೂ ಗೊತ್ತಿಲ್ಲದವಳ ಹಾಗೆ, “ಹೇಗಿದ್ದೀಯಪ್ಪ?” ಎನ್ನುತ್ತಿದ್ದೆ. ಅದು ನಿನ್ನ ಒಳ್ಳೆಯದಕ್ಕೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿನ್ನನ್ನು ಕೇಳಿ ತಿಳಿದುಕೊಳ್ಳುವ ಧೈರ್ಯ ನನಗಿರಲಿಲ್ಲ, ಅಷ್ಟೇ. ಕ್ಷಮಿಸು.

ಈಗ ಮಾಡಬೇಕಾದ್ದು ನಿನಗೇ ಗೊತ್ತಿದೆ. ಅವರ ಮನೆಗೆ ಹೋಗು. ವಾಪಸು ಬನ್ನಿ ಎಂದು ಗೋಗರೆಯಬೇಡ. ಅದು ನಿನ್ನ ಸಂಕಟ ಅವರ ತಲೆಗೆ ಕಟ್ಟಿದ ಹಾಗೆ. ಅವತ್ತು ಕೇಳದೆ ಬಿಟ್ಟದ್ದನ್ನು ಇವತ್ತು ಕೇಳು. ಕೇಳಿ ಸುಮ್ಮನಿರು.

ನನ್ನ ಜೂನ್ ತಿಂಗಳ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ ಎಂಬುದೂ ನೆನಪಿರಲಿ.

ಅಕ್ಕ


ಆಗಸ್ಟ್ 12

ಅಕ್ಕನಿಗೆ ನಮಸ್ಕಾರಗಳು.

ಭಾನುವಾರಗಳ ವಿಷಯ ನನಗೆ ಗೊತ್ತಿತ್ತು. ಫೋನು ಬಂದರೆ ನನ್ನ ಹೆಂಡತಿ ಬಟ್ಟೆ ಒಣಹಾಕುವ ನೆಪದಲ್ಲಿ ಹೊರಗೆ ಹೋಗುತ್ತಿದ್ದಳು. ಬಂದು, “ಯಾರೋ ರಾಂಗ್ ನಂಬರ್ರು” ಎನ್ನುತ್ತಿದ್ದಳು. ಪ್ರತಿ ಭಾನುವಾರ ಹತ್ತು ಗಂಟೆಗೆ ತಪ್ಪದೆ ಬರುವ ರಾಂಗ್ ನಂಬರ್! ಮೊದಲ ವರ್ಷ ಭಾನುವಾರಗಳಂದು ಮನಸ್ಸು ಮುದುಡಿಕೊಳ್ಳುತ್ತಿತ್ತು. ಎರಡನೇ ವರ್ಷ ಮೇಲ್ವಿಚಾರಣೆ ಎಂದರೆ ಇದೇ ಇರಬೇಕು ಎಂದುಕೊಂಡೆ. ಹಾಗೆ ಕಲಿತೆ. ಕೋಪವಿಲ್ಲ ಅಕ್ಕ. ನೀವು ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. “ಸದ್ಯ, ಇನ್ನು ಸುಳ್ಳು ಹೇಳೋದು ತಪ್ಪಿತು” ಎಂದು ನಕ್ಕಳು.

ಶುಕ್ರವಾರ ಗಡಿಯಾರಪ್ಪನವರ ಮನೆಗೆ ಹೋದೆ. ಒಂದೇ ಕೋಣೆ. ಗೋಡೆಯ ತುಂಬ ಗಡಿಯಾರಗಳು, ಒಂದಕ್ಕೊಂದು ಹೊಂದುವುದಿಲ್ಲ. ಮೇಜಿನ ಮೇಲೆ ಕೀಲಿ ಇಟ್ಟು, “ಇದನ್ನು ನಾನು ತಲುಪಿಸಲಾರೆ. ಆ ಬಾಗಿಲು ನನಗೆ ತೆರೆಯೋದಿಲ್ಲ” ಎಂದೆ. ಆಮೇಲೆ ನಾನು, “ನಿಮ್ಮ ಕೈ ಹೇಗಿದೆ?” ಎಂದು ಕೇಳಿದೆ. ಒಂದು ತಿಂಗಳು ತಡವಾಗಿ.

ಅವರು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟರು. ಮಳೆಯಲ್ಲಿ ನೆನೆದ ಗುಬ್ಬಿಗಳ ಹಾಗೆ ನಡುಗುತ್ತಿದ್ದವು.

“ಮೆಟ್ಟಿಲ ಮೇಲೆ ಗಡಿಯಾರ ಬಿಚ್ಚಿಕೊಂಡು ಕೂತಿದ್ದೆ. ಸ್ಕ್ರೂ ಕೈಲಿ ನಿಲ್ಲಲಿಲ್ಲ, ಟಣ್ ಟಣ್ ಅಂತ ಕೆಳಗೆ ಉರುಳಿತು. ಲೈಬ್ರರಿಯವರು ಸರಪಳಿ ಸಂದೀಲಿ ನೋಡ್ತಾ ಇದ್ರು. ‘ನಿಮಗೂ ನಡುಗುತ್ತಾ?’ ಅಂದ್ರು. ಹೂಂ, ಮಾತ್ರೆಗೆ, ಅಂದೆ. ‘ನನಗೂ’ ಅಂದ್ರು. ಲೈಬ್ರರೀಲಿ ಪುಸ್ತಕಕ್ಕೆ ಸೀಲು ಒತ್ತುವಾಗ ಕೈ ನಡುಗೋದನ್ನ ಜನ ನೋಡಿ ನಕ್ಕರಂತೆ. ಅದಕ್ಕೇ ಒಳಗೆ ಸೇರಿಕೊಂಡವರು. ಸರಪಳಿ ತೆಗೆದು ಹೊಸ್ತಿಲ ಒಳಗೇ ಕೂತ್ರು. ಆಮೇಲೆ ನಾನು ಗಡಿಯಾರ ಹಿಡಿದ್ರೆ ಅವರು ಸ್ಕ್ರೂ ಹಾಕೋದು, ಅವರು ಹಿಡಿದ್ರೆ ನಾನು. ನಾಲ್ಕು ಕೈ ಸೇರಿದ್ರೆ ಒಂದು ನೆಟ್ಟಗಿನ ಕೈ ಆಗುತ್ತೆ ಸಾರ್. ನಾನು ಕೈ ಬಚ್ಚಿಡದೆ ಕೂರ್ತಾ ಇದ್ದಿದ್ದು ಆ ಮೆಟ್ಟಿಲ ಮೇಲೆ ಮಾತ್ರ.”

ಯಾವುದನ್ನು ಕಂಡು ನಾನು ಅವರನ್ನು ತೆಗೆದುಹಾಕಿದೆನೋ ಅದೇ ಆ ಬಾಗಿಲನ್ನು ತೆರೆಸಿತ್ತು. ಎದ್ದು ಬಂದೆ. ಬನ್ನಿ ಎನ್ನಲಿಲ್ಲ. ಅನ್ನದೆ ಇರುವುದು ಎಷ್ಟು ಕಷ್ಟವಾಯಿತೆಂದು ನಿಮಗೆ ಗೊತ್ತಿರುತ್ತದೆ.

ನಿನ್ನೆ ಸೋಮವಾರ. ನಾನು ಕನ್ನಡಿ ಒರೆಸಿ, ಕುತ್ತಿಗೆಗೆ ನಾನೇ ಬಟ್ಟೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತೆ. ಲಾರಿ, ಟೈಲರಮ್ಮ ಇಬ್ಬರೂ ಬಾಗಿಲಲ್ಲೇ ನಿಂತರು. ಕನ್ನಡಿ ನೋಡಿಕೊಂಡು ಹೇಳಿದೆ: “ಮೇಲ್ವಿಚಾರಕ ಆದಾಗಿನಿಂದ ನನಗೆ ಮತ್ತೆ ಆಸೆ ಆಗ್ತಾ ಇದೆ. ಕುಡಿದಿಲ್ಲ. ಆದ್ರೆ ಹಳೇ ಬಾರಿನ ರಸ್ತೆ ತಪ್ಪಿಸಿ ಮಾರ್ಕೆಟ್ ಹಿಂದಿನಿಂದ ಸುತ್ತಿ ಬರ್ತೀನಿ. ದಿನಾ ಹನ್ನೆರಡು ನಿಮಿಷ ಜಾಸ್ತಿ. ಸಾರ್ ಅನ್ನಿಸಿಕೊಂಡವನು ಇದನ್ನ ಯಾರಿಗೆ ಹೇಳೋದು ಅಂತ ಗೊತ್ತಾಗಲಿಲ್ಲ. ಅದಕ್ಕೇ ನಿಮ್ಮೆಲ್ಲರ ಬಾಯಿ ಮೂಸ್ತಾ ಇದ್ದೆ.”

ಲಾರಿ ತಲೆ ಕೆರೆದುಕೊಂಡ. “ನಾನೂ ಅದೇ ಸುತ್ತುರಸ್ತೆ ಸಾರ್. ಎರಡು ಸಲ ನೀವು ಬರೋದು ನೋಡಿ ಬಾಳೆಹಣ್ಣಿನ ಗಾಡಿ ಹಿಂದೆ ಬಚ್ಚಿಟ್ಟುಕೊಂಡಿದ್ದೆ!”

ನಗುತ್ತಿರುವಾಗಲೇ ಕನ್ನಡಿಯಲ್ಲಿ ಗಡಿಯಾರಪ್ಪ ಕಂಡರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಹತ್ತಿರ ಬಂದು ಕತ್ತರಿ ತೆಗೆದುಕೊಂಡರು.

“ನನಗೆ ಗಡಿಯಾರ ಗೊತ್ತು, ತಲೆ ಗೊತ್ತಿಲ್ಲ” ಎಂದರು.

“ಎರಡರಲ್ಲೂ ಸ್ಪ್ರಿಂಗೇ ಸಡಿಲ ಆಗೋದು, ಶುರು ಮಾಡಿ” ಎಂದರು ಟೈಲರಮ್ಮ.

“ಕಿವಿ ಎರಡೂ ಬೇಕು ಅವರಿಗೆ, ಬೇರೆಯವರ ಮಾತು ಕೇಳೋದು ಈಗ ತಾನೆ ಕಲೀತಾ ಇದ್ದಾರೆ” ಎಂದ ಲಾರಿ.

ನಾನು ಕಣ್ಣು ಮುಚ್ಚಿದೆ. ಕತ್ತರಿ ಕಿವಿಯ ಪಕ್ಕ ನಡುಗುವ ಸದ್ದು ನಿಮಗೆ ಬರೆದು ತಿಳಿಸಲಾರೆ. ಹದಿನೆಂಟು ವರ್ಷ ಆ ಕುರ್ಚಿಯ ಹಿಂದೆ ನಿಂತಿದ್ದೆ. ಅದರಲ್ಲಿ ಕೂತವರಿಗೆ ಎಷ್ಟು ಧೈರ್ಯ ಬೇಕೆಂದು ನಿನ್ನೆ ಗೊತ್ತಾಯಿತು. ನಿಮ್ಮ ಜೂನ್ ತಿಂಗಳ ಪ್ರಶ್ನೆಗೆ ಇದೇ ಉತ್ತರ.

ಕಿವಿ ಎರಡೂ ಇವೆ. ಬಲಗಡೆ ಪರವಾಗಿಲ್ಲ. ಎಡಗಡೆ ಮೆಟ್ಟಿಲು ಮೆಟ್ಟಿಲಾಗಿದೆ. ಹೆಂಡತಿ ಬಾಗಿಲು ತೆಗೆದವಳು, “ಯಾರು ಬೇಕಾಗಿತ್ತು?” ಎಂದು ಕೇಳಿದಳು.

ಗಡಿಯಾರಪ್ಪ ಹೋಗುವಾಗ ಜೇಬು ಮುಟ್ಟಿಕೊಂಡು, “ನಾಡಿದ್ದು ಬುಧವಾರ ಅಲ್ವಾ?” ಎಂದಷ್ಟೇ ಅಂದರು.

ನಿಮ್ಮ,
ಕತ್ತರಿ


ಆಗಸ್ಟ್ 18

ಕತ್ತರಿಗೆ,

ಫೋಟೋ ಕಳಿಸು. ಕೂದಲು ಬೆಳೆಯುವುದರೊಳಗೆ.

ನಿನ್ನ ಹೆಂಡತಿಗೆ ಈ ಭಾನುವಾರ ಫೋನು ಮಾಡಿದ್ದೆ. ನಿನ್ನ ವಿಷಯ ಒಂದು ಮಾತೂ ಆಡಲಿಲ್ಲ. ಇಬ್ಬರೂ ಒಂದು ಗಂಟೆ ನನ್ನ ಮಂಡಿಯ ಬಗ್ಗೆಯೇ ಮಾತಾಡಿದೆವು. ಎಷ್ಟು ಹಗುರಾಯಿತು ಗೊತ್ತೇ, ಮಂಡಿ ಅಲ್ಲ.

ಮೂರನೇ ಮಹಡಿಯ ಸುದ್ದಿಗೆ ಕಾದಿದ್ದೇನೆ.

ಅಕ್ಕ


ಆಗಸ್ಟ್ 28

ಅಕ್ಕನಿಗೆ ನಮಸ್ಕಾರಗಳು.

ಮೊದಲ ಬುಧವಾರ ಗಡಿಯಾರಪ್ಪ ಮೆಟ್ಟಿಲ ಮೇಲೆ ಒಂದು ಗಂಟೆ ಕೂತು ಬರಿಗೈಲಿ ಬಂದರು. ಎರಡನೇ ಬುಧವಾರ ಬಾಗಿಲ ಕೆಳಗಿನ ಸಂದಿಯಿಂದ ಕೀಲಿ ಒಳಗೆ ತಳ್ಳಿದರಂತೆ. ಸ್ವಲ್ಪ ಹೊತ್ತಿಗೆ ಒಳಗೆ ಗಡಿಯಾರಕ್ಕೆ ಕೀಲಿ ಕೊಡುವ ಸದ್ದು. ಸರಪಳಿ ತೆಗೆದ ಸದ್ದು ಮಾತ್ರ ಇಲ್ಲ. ಇವರು ಇತ್ತ ಸುಮ್ಮನೆ ಕೂತವರು ನನ್ನ ಕಟಿಂಗಿನ ಕಥೆ ಹೇಳಿದ್ದಾರೆ. ನಡುಗುವ ಕೈ, ಎಡಗಡೆಯ ಮೆಟ್ಟಿಲು, ಬಾಳೆಹಣ್ಣಿನ ಗಾಡಿ, ನನ್ನ ಹೆಂಡತಿ ಕೇಳಿದ ಪ್ರಶ್ನೆ, ಒಂದನ್ನೂ ಬಿಟ್ಟಿಲ್ಲ. ಒಳಗಿನಿಂದ ನಗು ಕೇಳಿತಂತೆ. ಹನ್ನೊಂದು, ಅಲ್ಲ, ಹನ್ನೆರಡು ತಿಂಗಳಲ್ಲಿ ಮೊದಲನೆಯದು ಎಂದು ಆಮೇಲೆ ತಂಗಿ ಹೇಳಿದಳು.

ನಿನ್ನೆ ಮೂರನೇ ಬುಧವಾರ. ಮಧ್ಯಾಹ್ನ ಚಹಾ ಹೊತ್ತಿಗೆ ಕೇಂದ್ರದ ಬಾಗಿಲಲ್ಲಿ ಗಡಿಯಾರಪ್ಪ ನಿಂತಿದ್ದರು. ಹಿಂದೆ ಇನ್ನೊಬ್ಬರು. ಬಿಳಿಚಿಕೊಂಡಿದ್ದರು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದರು. ಮೂರು ಮಹಡಿ ಇಳಿದು, ಎರಡು ಬೀದಿ ದಾಟಿ ಬಂದಿದ್ದರು.

“ಇವರಿಗೆ ನಿಮ್ಮ ತಲೆ ನೋಡಬೇಕಂತೆ” ಎಂದರು ಗಡಿಯಾರಪ್ಪ.

ಲೈಬ್ರರಿಯವರು ನನ್ನ ಸುತ್ತ ಒಂದು ಸುತ್ತು ಬಂದರು. ಪುಸ್ತಕ ಹರಿದಿದೆಯೇ ಎಂದು ನೋಡುವವರ ಹಾಗೆ ಗಂಭೀರವಾಗಿ ನೋಡಿದರು. ಲಾರಿ ಒಂದು ಮಾತೂ ಆಡದೆ ನಿಂತಿದ್ದ. ಅದೇ ಒಂದು ಪವಾಡ.

“ಎಡಗಡೆ ಇನ್ನೂ ಸ್ವಲ್ಪ ತೆಗೀಬಹುದು” ಎಂದರು ಕೊನೆಗೆ. ಜೇಬಿನಿಂದ ಕೈ ಹೊರತೆಗೆದು ಮುಂದೆ ಚಾಚಿದರು. ಎಲ್ಲರೆದುರು ನಡುಗುತ್ತಿತ್ತು. ಯಾರೂ ಬೇರೆ ಕಡೆ ನೋಡಲಿಲ್ಲ. “ಕತ್ತರಿ ಎಲ್ಲಿದೆ?”

ಕುರ್ಚಿ ಖಾಲಿ ಇತ್ತು. ಹೋಗಿ ಕೂತೆ.

ಫೋಟೋ ಇದರ ಜೊತೆ ಇದೆ. ಈಗ ಎರಡೂ ಕಡೆ ಮೆಟ್ಟಿಲು.

ಇಲ್ಲಿ ಎಲ್ಲರೂ ಕ್ಷೇಮ. ಇನ್ನು ಕಾಗದ ಮಡಿಚಿಡಬಹುದು ಅಕ್ಕ.

ನಿಮ್ಮ,
ಕತ್ತರಿ